ಮಲ್ಲನ ದೇಹ ಯಾರ ಸೊತ್ತು?

ಸಾಧಕನ ಸಾಧನೆಯನ್ನು ತೂಗುವಾಗ ಅವನ ದಿನನಿತ್ಯದ ಬಾಳುವೆಯನ್ನೂ ತಕ್ಕಡಿಗೆ ಹಾಕಬೇಕೆ ಎಂಬುದು ಹಳೆಯ ಪ್ರಶ್ನೆ. ಕವಿಯ ವಿಷಯದಲ್ಲಿ, ಗಾಯಕನ ವಿಷಯದಲ್ಲಿ ನಾವು ಹೇಗೋ ಒಂದು ಉತ್ತರ ಹೇಳಿ ನುಣುಚಿಕೊಳ್ಳುತ್ತೇವೆ. ಕಾವ್ಯ ಬೇರೆ, ಕವಿ ಬೇರೆ ಎನ್ನುತ್ತೇವೆ. ಮಲ್ಲನ ವಿಷಯದಲ್ಲಿ ಹಾಗೆನ್ನಲು ದಾರಿಯಿಲ್ಲ. ಅವನು ಬರೆಯುವುದು ದೇಹದಿಂದ, ಬರೆಯುವುದು ದೇಹದ ಮೇಲೆ. ಕಳೆದ ತಿಂಗಳು ಉಂಡದ್ದು ಕುಡಿದದ್ದು ಈ ತಿಂಗಳು ಕಣದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಒಬ್ಬ ಮುಷ್ಟಿಮಲ್ಲನ ಬಾಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಯುಕ್ತವೆಂದು ತೋರುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯ ರಿಕಿ ಹ್ಯಾಟನ್ ಹುಟ್ಟಿದ್ದು 1978ರಲ್ಲಿ. ಹ್ಯಾಟರ್ಸ್ಲಿ ಎಂಬ ಕೂಲಿಕಾರರ ವಸತಿಯಲ್ಲಿ ಬೆಳೆದವನು. 48 ಕಾಳಗಗಳಲ್ಲಿ 45ನ್ನು ಗೆದ್ದನು, 3ರಲ್ಲಿ ಸೋತನು. 2005ರ ಜೂನ್ 5ರಂದು, ಅಮೆರಿಕದ ಟೆಲಿವಿಷನ್ ನೋಡುಗರ ಅನುಕೂಲಕ್ಕಾಗಿ ಅಪರಾತ್ರಿ ಎರಡು ಗಂಟೆಗೆ ಆರಂಭವಾದ ಪಂದ್ಯದಲ್ಲಿ ಕೋಸ್ತ್ಯಾ ಜೂ ಎಂಬ ಪ್ರಸಿದ್ಧ ಮಲ್ಲನನ್ನು ಎದುರಿಸಿದನು. ಹನ್ನೊಂದು ಸುತ್ತು ಮುಗಿದ ಮೇಲೆ ಜೂ ತನ್ನ ಮೂಲೆಯ ಮಣೆಯಿಂದ ಏಳಲಿಲ್ಲ. ಜಗಜ್ಜೆಟ್ಟಿಯ ಪಟ್ಟ ಹ್ಯಾಟನ್ನನಿಗೆ ಬಂದಿತು.

ಹ್ಯಾಟನ್ನನ ವೈಶಿಷ್ಟ್ಯವಿದ್ದದ್ದು ಎದುರಾಳಿಯ ಒಡಲಿಗೆ ಹೊಡೆಯುವ ಹೊಡೆತದಲ್ಲಿ. ಮುಷ್ಟಿಯುದ್ಧವೆಂದರೆ ಮುಖಕ್ಕೆ ಗುದ್ದುವುದೆಂದು ನಮ್ಮ ಹುಡುಗರು ತಿಳಿದಿರುತ್ತಾರೆ. ಬಲ್ಲವರು ಬೇರೆ ಹೇಳುತ್ತಾರೆ. ಬಲಪಕ್ಕೆಲುಬುಗಳ ಅಡಿಯಲ್ಲಿ ಯಕೃತ್ತು ಇದೆ. ಎಡಗೈಯನ್ನು ಕೊಂಡಿಯಂತೆ ಬಾಗಿಸಿ ಎದುರಾಳಿಯ ಮೊಳಕೈಯ ಹಿಂದಿನಿಂದ ಅಲ್ಲಿಗೆ ಹೊಡೆದರೆ ಒಂದು ವಿಚಿತ್ರ ನಡೆಯುತ್ತದೆ. ಪೆಟ್ಟು ಬಿದ್ದ ಕೂಡಲೇ ಏನೂ ಆಗುವುದಿಲ್ಲ. ಒಂದು ಕ್ಷಣ ಕಳೆದ ಮೇಲೆ ನೋವು ಬರುತ್ತದೆ. ನರಗಳ ಮೂಲಕ ಸುದ್ದಿ ಹೋಗಿ ರಕ್ತದ ಒತ್ತಡ ಕುಸಿಯುತ್ತದೆ, ಉಸಿರು ಕಟ್ಟುತ್ತದೆ, ಮೊಣಕಾಲು ತಾನಾಗಿ ನೆಲಕ್ಕೆ ಊರುತ್ತದೆ. ತಲೆಗೆ ಪೆಟ್ಟು ತಿಂದವನಿಗೆ ಎಚ್ಚರ ತಪ್ಪುತ್ತದೆ. ಇವನಿಗೆ ಪೂರ್ಣ ಎಚ್ಚರವಿರುತ್ತದೆ. ತೀರ್ಪುಗಾರ ಎಣಿಸುವ ಒಂದೊಂದು ಅಂಕಿಯೂ ಕೇಳಿಸುತ್ತದೆ, ಏಳಬೇಕೆಂಬ ಮನಸ್ಸೂ ಇರುತ್ತದೆ. ದೇಹ ಮಾತ್ರ ಮಾತು ಕೇಳುವುದಿಲ್ಲ. 2007ರ ಜೂನ್ 23ರಂದು ಲಾಸ್ ವೇಗಾಸ್ ನಗರದಲ್ಲಿ ಮೆಕ್ಸಿಕೋ ದೇಶದ ಹೋಸೆ ಲೂಯಿಸ್ ಕಾಸ್ತಿಯೋ ನಾಲ್ಕನೆಯ ಸುತ್ತಿನಲ್ಲಿ ಇಂಥದೇ ಒಂದು ಎಡಗೈಯ ಹೊಡೆತಕ್ಕೆ ಕುಸಿದನು. ಹತ್ತು ಎಣಿಸಿದರೂ ಏಳಲಾಗಲಿಲ್ಲ. ಕಾಸ್ತಿಯೋ ಹೇಡಿಯಲ್ಲ, ಪೆಟ್ಟು ತಿಂದು ಗಟ್ಟಿಯಾದ ಮಲ್ಲರಲ್ಲೊಬ್ಬ.

ಈ ಹೊಡೆತ ಪುಕ್ಕಟೆಯಾಗಿ ಬಂದುದಲ್ಲ. ಹ್ಯಾಟನ್ನನ ಗುರು ಬಿಲ್ಲಿ ಗ್ರಹಾಂ ತನ್ನ ನಡುವಿಗೆ ದಪ್ಪನೆಯ ಮೆತ್ತೆಯ ಪಟ್ಟಿಯನ್ನು ಕಟ್ಟಿಕೊಂಡು ಶಿಷ್ಯನೆದುರು ನಿಲ್ಲುತ್ತಿದ್ದನು. ಶಿಷ್ಯನು ಸುತ್ತುಗಟ್ಟಲೆ ಆ ಪಟ್ಟಿಗೆ ಗುದ್ದುತ್ತಿದ್ದನು. ಗುರುವಾದವನು ತನ್ನ ಮೈಯನ್ನೇ ಪಾಠದ ಹಲಗೆಯಾಗಿ ಒಡ್ಡಿದ ದೃಷ್ಟಾಂತ ನಮ್ಮ ವೃತ್ತಿಯವರಿಗೆ ಆಶ್ಚರ್ಯವನ್ನೂ ಕೊಂಚ ನಾಚಿಕೆಯನ್ನೂ ಉಂಟುಮಾಡತಕ್ಕದ್ದು.

ಒಡಲಿಗೆ ಹೊಡೆಯುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ರನ್ನನ ಗದಾಯುದ್ಧವನ್ನು ಪಾಠ ಹೇಳಿದವರಿಗೆ ಈ ಪ್ರಶ್ನೆ ಹೊಸದಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದೆಯ ಧರ್ಮ. ಭೀಮನು ತೊಡೆಗೆ ಹೊಡೆದುದೇ ವಿವಾದದ ಮೂಲ. ಮುಷ್ಟಿಯುದ್ಧದವರೂ ಸೊಂಟಪಟ್ಟಿಯ ಕೆಳಗಿನ ಹೊಡೆತವನ್ನು ನಿಷೇಧಿಸಿದ್ದಾರೆ. ಪಟ್ಟಿಯ ಮೇಲೆ ಪಕ್ಕೆಗೆ ಹೊಡೆದರೆ ದೋಷವಿಲ್ಲ. ಇನ್ನೂ ಒಂದು ಮಾತುಂಟು. ತಲೆಗೆ ಮರಮರಳಿ ಬಿದ್ದ ಪೆಟ್ಟು ಮೆದುಳನ್ನು ಕೆಡಿಸುತ್ತದೆಂದು ಮಾರ್ಟ್‌ಲಂಡ್ ಎಂಬ ಅಮೆರಿಕದ ವೈದ್ಯನು 1928ರಲ್ಲಿಯೇ ಬರೆದನು. ಪಕ್ಕೆಯ ನೋವು ಬಹುಮಟ್ಟಿಗೆ ಮಾಯುತ್ತದೆ. ಮೆದುಳಿನ ಗಾಯ ಮಾಯುವುದು ಕಷ್ಟ. ಹೀಗೆ ನೋಡಿದರೆ ಒಡಲಿನ ಹೊಡೆತ ಎದುರಾಳಿಯ ಮಟ್ಟಿಗೆ ಕರುಣೆಯುಳ್ಳದ್ದೇ. ಹೊಡೆಯುವವನಿಗೆ ಮಾತ್ರ ಆ ಕರುಣೆಯಿಲ್ಲ. ಪಕ್ಕೆಯನ್ನು ಮುಟ್ಟಬೇಕಾದರೆ ಎದುರಾಳಿಯ ಎದೆಯ ಹತ್ತಿರಕ್ಕೆ ನುಗ್ಗಬೇಕು. ನುಗ್ಗುವಾಗ ತನ್ನ ತಲೆಯನ್ನು ಪೆಟ್ಟಿಗೆ ಒಡ್ಡಬೇಕು. ಹ್ಯಾಟನ್ ಜೀವಮಾನವಿಡೀ ಹಾಗೆ ನುಗ್ಗಿದನು.

ಇನ್ನು ಅವನ ಬಾಳುವೆಯ ಮಾತು. ಅವನು ಕಾದುತ್ತಿದ್ದ ವರ್ಗದ ಮಿತಿ 140 ಪೌಂಡು. ಪಂದ್ಯ ಮುಗಿದ ಮರುದಿನದಿಂದಲೇ ಹಳೆಯ ಗೆಳೆಯರೊಡನೆ ಪಾನಗೃಹ, ಕರಿದ ತಿಂಡಿ, ನಗೆ, ಹಾಡು. ತಿಂಗಳೆರಡು ತಿಂಗಳಲ್ಲಿ ಹತ್ತಾರು ಪೌಂಡು ಮೈ ಬರುತ್ತಿತ್ತು. ಮುಂದಿನ ಪಂದ್ಯ ಗೊತ್ತಾದೊಡನೆ ಅದನ್ನೆಲ್ಲ ಬೆವರಿನಿಂದಲೂ ಹಸಿವಿನಿಂದಲೂ ಇಳಿಸಬೇಕಾಗುತ್ತಿತ್ತು. ಗೀತೆಯ ಆರನೆಯ ಅಧ್ಯಾಯ ಆಹಾರವಿಹಾರಗಳಲ್ಲಿ ಮಿತವನ್ನು ಹೇಳುತ್ತದೆ. ಇಲ್ಲಿ ಮಿತವೆಂಬುದಿಲ್ಲ, ಒಂದು ಕಡೆ ಹಬ್ಬ, ಇನ್ನೊಂದು ಕಡೆ ಕಟ್ಟುಪವಾಸ. ಪತ್ರಿಕೆಗಳವರು ದಪ್ಪನೆಂದು ಹಾಸ್ಯ ಮಾಡಿದರೆ ಅವನು ಅವರಿಗಿಂತ ಮೊದಲೇ ತನ್ನನ್ನು ಹಾಸ್ಯ ಮಾಡಿಕೊಳ್ಳುತ್ತಿದ್ದನು. ಒಮ್ಮೆ ದೊಡ್ಡ ಹೊಟ್ಟೆಯ ವೇಷವನ್ನು ತೊಟ್ಟುಕೊಂಡೇ ಕಣಕ್ಕೆ ಬಂದನು. ಜನ ಬಿದ್ದು ಬಿದ್ದು ನಕ್ಕರು.

ಈ ಮನುಷ್ಯನು ಸಂಯಮಿಯಾಗಿದ್ದರೆ ಇನ್ನೂ ಎಷ್ಟು ಏರುತ್ತಿದ್ದನೋ ಎಂದು ನಿಟ್ಟುಸಿರಿಡುವುದು ಸುಲಭ. ಮಕ್ಕಳಿಗೆ ಹಾಗೆಯೇ ಪಾಠ ಹೇಳಿ ಗಂಟೆ ಬಾರಿಸುವುದೂ ಸುಲಭ. ನಮಗೆ ಅದು ಸರಿಕಾಣದು. 2007ರ ಡಿಸೆಂಬರ್ 8ರಂದು ಹ್ಯಾಟನ್ನನನ್ನು ಹತ್ತನೆಯ ಸುತ್ತಿನಲ್ಲಿ ಕೆಡಹಿದ ಫ್ಲಾಯ್ಡ್ ಮೇವೆದರ್ ಮದ್ಯವನ್ನು ಮುಟ್ಟದವನೆಂದು ಹೆಸರಾದವನು; ಅಭ್ಯಾಸದಲ್ಲಿ ಒಂದು ದಿನವನ್ನೂ ಬಿಡದವನು; 50 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ವೃತ್ತಿಯನ್ನು ಮುಗಿಸಿದವನು. ಅದೇ ಮೇವೆದರ್ ತನ್ನ ಮಕ್ಕಳ ತಾಯಿಯ ಮೇಲೆ ಕೈಮಾಡಿದ ಅಪರಾಧಕ್ಕಾಗಿ 2012ರಲ್ಲಿ ಸೆರೆಮನೆಯಲ್ಲಿದ್ದನು. ದೇಹವನ್ನು ಆಳಬಲ್ಲವನು ಕೋಪವನ್ನೂ ಆಳಬಲ್ಲನೆಂದು ನಾವು ಪಾಠಗಳಲ್ಲಿ ಹೇಳುತ್ತ ಬಂದಿದ್ದೇವೆ. ಪಥ್ಯವೇ ಬೇರೆ, ಶೀಲವೇ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹ್ಯಾಟನ್ನನ ಅಮಿತದಿಂದ ಮೊದಲು ಕೆಟ್ಟದ್ದು ಅವನ ದೇಹವೇ.

ಆದರೆ ‘ಅವನ ದೇಹ, ಅವನ ಇಚ್ಛೆ’ ಎಂದು ಕೈತೊಳೆದುಕೊಳ್ಳುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಪಟ್ಟಿ ಕಟ್ಟಿಕೊಂಡು ನಿಂತ ಗುರುವಿಗೆ ಆ ದೇಹದಲ್ಲಿ ಪಾಲಿಲ್ಲವೆ? ಸಾಲ ಮಾಡಿ ಟಿಕೇಟು ಕೊಂಡು ಸಮುದ್ರ ದಾಟಿ ಲಾಸ್ ವೇಗಾಸಿಗೆ ಹೋದ ಕೂಲಿಕಾರನಿಗೆ ಇಲ್ಲವೆ? ಮನೆಯ ಮಕ್ಕಳಿಗೆ? ಪಾಲುಂಟೆಂದು ಒಪ್ಪಿದರೆ ಜವಾಬ್ದಾರಿಯಲ್ಲಿಯೂ ಪಾಲು ಬರುತ್ತದೆ. ಇಲ್ಲಿಯೇ ವಿಷಯ ತೊಡಕಾಗುವುದು. ಗೆದ್ದವನು ತಮ್ಮ ಬೀದಿಯನ್ನು ಬಿಟ್ಟು ಹೋಗಲಿಲ್ಲ, ತಮ್ಮ ಪಕ್ಕದ ಮಣೆಯ ಮೇಲೆ ಕುಳಿತು ತಮ್ಮಂತೆಯೇ ಕುಡಿದು ತಿಂದನು ಎಂಬುದಕ್ಕಾಗಿಯೇ ಜನ ಅವನನ್ನು ಅಷ್ಟೊಂದು ಪ್ರೀತಿಸಿದರು. ಮೇವೆದರನನ್ನು ಮೆಚ್ಚಿದವರು ಬಹಳ ಮಂದಿ. ಆದರೆ ಹಾಗೆ ಪ್ರೀತಿಸಿದವರು ಕಡಮೆ. ಯಾವ ನಡತೆ ಅವನಿಗೆ ಜನರ ಒಲವನ್ನು ತಂದಿತೋ ಅದೇ ಅವನ ಮೈಯನ್ನು ಸವೆಸಿತು. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳುವ ಉಪಾಯ ನಮಗೆ ಕಾಣದು.

ಮುಂದಿನದು ಬೇಗ ಹೇಳಬಹುದಾದ ಕಥೆ. 2009ರ ಮೇ 2ರಂದು ಫಿಲಿಪೈನ್ಸಿನ ಮ್ಯಾನಿ ಪಕಿಯಾವೊ ಎರಡನೆಯ ಸುತ್ತಿನಲ್ಲಿಯೇ ಅವನನ್ನು ಎಚ್ಚರ ತಪ್ಪುವಂತೆ ಕೆಡಹಿದನು. ಆಮೇಲೆ ಕುಡಿತ, ಮಾದಕದ್ರವ್ಯ, ಖಿನ್ನತೆ. 2010ರಲ್ಲಿ ಕಾಳಗದ ಪರವಾನಗಿಯೂ ಹೋಯಿತು. ಸಾಯಬೇಕೆನ್ನಿಸುವಷ್ಟು ಮನಸ್ಸು ಕುಗ್ಗಿದ್ದಿತೆಂಬುದನ್ನು ಅವನು ಮುಚ್ಚಿಡದೆ ಬಹಿರಂಗವಾಗಿ ಹೇಳಿದನು. ಎದೆಗಾರಿಕೆಯ ವೃತ್ತಿಯಲ್ಲಿದ್ದ ಗಂಡಸು ಹಾಗೆ ಹೇಳುವುದು ಸಣ್ಣ ಸಂಗತಿಯಲ್ಲ. ಜೂವನ್ನು ಗೆದ್ದುದಕ್ಕಿಂತ ಇದನ್ನೇ ನಾವು ಮೇಲೆಂದು ಎಣಿಸುತ್ತೇವೆ. 2012ರ ನವೆಂಬರ್ 24ರಂದು ಮ್ಯಾಂಚೆಸ್ಟರಿನಲ್ಲಿ ಮತ್ತೆ ಕಣಕ್ಕಿಳಿದನು. ಎದುರಿಗಿದ್ದವನು ಯುಕ್ರೇನಿನ ಸೆಂಚೆಂಕೋ. ಒಂಬತ್ತನೆಯ ಸುತ್ತಿನಲ್ಲಿ ಸೆಂಚೆಂಕೋವಿನ ಎಡಗೈ ಹ್ಯಾಟನ್ನನ ಪಕ್ಕೆಯನ್ನು ಹೊಕ್ಕಿತು. ತಾನು ಹತ್ತು ವರ್ಷ ಪರರಿಗೆ ಕೊಟ್ಟ ಹೊಡೆತವನ್ನು ತಾನೇ ಉಂಡು, ಪೂರ್ಣ ಎಚ್ಚರದಲ್ಲಿ ಮೊಣಕಾಲೂರಿ, ಎಣಿಕೆಯನ್ನು ಕೇಳಿಸಿಕೊಂಡನು. ಅಂದೇ ನಿವೃತ್ತನಾದನು.

ಇದನ್ನು ಕರ್ಮಫಲವೆನ್ನುವವರು ಇರಬಹುದು. ನಾವು ಹಾಗೆನ್ನಲಾರೆವು, ಮಿತವಾಗಿ ಬಾಳಿದ ಮಲ್ಲರ ಪಕ್ಕೆಗೂ ಅದೇ ಜಾಗದಲ್ಲಿ ಯಕೃತ್ತು ಇದೆ. ಆಮೇಲೆ ಅವನು ಗುರುವಾಗಿ ಕಜಾಕಸ್ತಾನದ ಜಾಕಿಯಾನೊವ್ ಎಂಬವನನ್ನು 2017ರಲ್ಲಿ ಜಗಜ್ಜೆಟ್ಟಿಯಾಗಿಸಿದ್ದೂ ಅವನ ಲೆಕ್ಕಕ್ಕೇ ಸೇರಬೇಕಲ್ಲವೆ? 2024ರಲ್ಲಿ ಮುಷ್ಟಿಯುದ್ಧದ ಅಂತರರಾಷ್ಟ್ರೀಯ ಕೀರ್ತಿಮಂದಿರದಲ್ಲಿ ಅವನ ಹೆಸರು ಸೇರಿತು.

2025ರ ಸೆಪ್ಟೆಂಬರ್ 14ರಂದು, 46ನೆಯ ವಯಸ್ಸಿನಲ್ಲಿ, ಹೈಡ್ ಊರಿನ ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಅಕ್ಟೋಬರಿನಲ್ಲಿ ಶವಯಾತ್ರೆ ಮ್ಯಾಂಚೆಸ್ಟರಿನ ದೊಡ್ಡ ಇಗರ್ಜಿಗೆ ಹೊರಟಾಗ ಬೀದಿಗಳ ಇಕ್ಕೆಲಗಳಲ್ಲಿಯೂ ಜನ ಕಿಕ್ಕಿರಿದು ನಿಂತಿದ್ದರು. ಅವನಿಗೆ ಎಂದೋ ಒಂದು ಲೋಟ ಕೊಡಿಸಿ, ಬೆನ್ನು ತಟ್ಟಿ, ‘ಇನ್ನೊಂದು ಆಗಲಿ’ ಎಂದವರು ಅವರಲ್ಲಿ ಎಷ್ಟು ಮಂದಿಯಿದ್ದರೋ. ಅವರೂ ಟೊಪ್ಪಿಗೆ ತೆಗೆದು ಅಳುತ್ತ ನಿಂತಿದ್ದಿರಬೇಕು.