ಮುಖದ ಮೇಲಿನ ಬೆಳಕು

ದೀಪವೆಂದರೆ ಇರುವುದನ್ನು ಇದ್ದ ಹಾಗೆ ತೋರಿಸುವ ವಸ್ತು ಎಂಬುದು ನಮ್ಮೆಲ್ಲರ ನಂಬಿಕೆ. ಒಂದು ಪುಟ್ಟ ಕೋಣೆಯಲ್ಲಿ, ಕ್ಯಾಮೆರಾದ ಮುಂದೆ ಒಬ್ಬರನ್ನು ಕೂರಿಸಿ ಮಾತನಾಡಿಸಲು ಹೊರಟಾಗ ಈ ನಂಬಿಕೆ ಅಲುಗಾಡುತ್ತದೆ. ನಮ್ಮ ಶಾಲೆಯ ಹಳೆಯ ಉಗ್ರಾಣವನ್ನು ತೆರವು ಮಾಡಿ, ಊರಿನ ಹಿರಿಯರ ನೆನಪುಗಳನ್ನು ವಿಡಿಯೋದಲ್ಲಿ ಉಳಿಸುವ ಕೋಣೆ ಮಾಡಿದಾಗ ದೀಪ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಇದರ ಲೆಕ್ಕ ಕಷ್ಟದ್ದಲ್ಲ. ಮುಖ್ಯ ದೀಪ ಒಂದು ಬದಿಯಿಂದ, ನೆರಳನ್ನು ತೆಳುಮಾಡುವ ಇನ್ನೊಂದು ಎದುರು ಬದಿಯಿಂದ, ತಲೆ ಮತ್ತು ಭುಜಗಳನ್ನು ಗೋಡೆಯಿಂದ ಬಿಡಿಸಿ ತೋರಿಸುವ ಮೂರನೆಯದು ಹಿಂದಿನಿಂದ. ಹಗಲಿನ ಬೆಳಕಿನ ಬಣ್ಣ ಸುಮಾರು 5600 ಕೆಲ್ವಿನ್, ಟಂಗ್‌ಸ್ಟನ್ ದೀಪದ್ದು 3200. ಎರಡನ್ನೂ ಬೆರೆಸಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಟಂಗ್‌ಸ್ಟನ್ ಸಣ್ಣ ಕೋಣೆಯನ್ನು ಒಲೆಯಂತೆ ಕಾಯಿಸುತ್ತದೆ. ಕೆಂಪನ್ನು ಸರಿಯಾಗಿ ತೋರಿಸದ ಅಗ್ಗದ ಎಲ್‌ಇಡಿಯ ಮುಂದೆ ಗಟ್ಟಿಮುಟ್ಟಾದವರೂ ಕಾಯಿಲೆಯವರಂತೆ ಕಾಣುತ್ತಾರೆ.

ಬೆಳಕನ್ನು ತಿದ್ದುವುದೇ ಸುಳ್ಳು ಎನ್ನಲಾಗದು. 1956ರ ‘ಅಪರಾಜಿತೊ’ ಚಿತ್ರದಲ್ಲಿ ಸುಬ್ರತ ಮಿತ್ರ ಸ್ಟುಡಿಯೋದೊಳಗಿನ ಕಾಶಿಯ ಮನೆಯ ಅಂಗಳದ ಮೇಲೆ ಬಟ್ಟೆ ಬಿಗಿದು, ಅದರಿಂದ ಬೆಳಕನ್ನು ಮರಳಿಸಿ ಹಗಲನ್ನು ತಂದರು. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ಗಾಗಿ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ಹರಿಸಿದರು. ಆದರೆ ಅವರ ಮುಂದಿದ್ದವರು ನಟರು, ಪಾತ್ರದ ಮುಖ ಹೊತ್ತವರು. ನಮ್ಮ ಕುರ್ಚಿಯಲ್ಲಿ ಕೂರುವವರದು ಸ್ವಂತ ಮುಖ.

ಒಬ್ಬ ಸೂಲಗಿತ್ತಿ ಅಜ್ಜಿ ದೀಪ ಹತ್ತುತ್ತಲೇ ಹೇಳಿದಳು: “ಅಕ್ಕೋರೆ, ನನ್ನ ಬೆಳ್ಳಗ ಮಾಡಬ್ಯಾಡ್ರಿ. ಮೊಮ್ಮಕ್ಕಳಿಗೆ ಗುರ್ತ ಸಿಗಬೇಕಲ್ಲ.” ಅವಳ ಮಾತಿನಲ್ಲಿ ತೂಕವಿದೆ. ಕೊಡಾಕ್ ಕಂಪನಿ ದಶಕಗಳ ಕಾಲ ಬಿಳಿಯ ಹೆಣ್ಣುಮಗಳ ಚಿತ್ರವಿದ್ದ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು, ಲ್ಯಾಬುಗಳು ಅದಕ್ಕೆ ಹೊಂದಿಸಿ ಬಣ್ಣದ ಚಿತ್ರ ಮುದ್ರಿಸುತ್ತಿದ್ದವು. ಕಪ್ಪು ಮುಖಗಳ ಚಹರೆ ಅದರಲ್ಲಿ ಮಂಕಾಗುತ್ತಿತ್ತು. ಯಾರ ಮುಖ ಅಳತೆಗೋಲು ಎಂಬ ಪ್ರಶ್ನೆ ಯಂತ್ರದೊಳಗೂ ಕುಳಿತಿರುತ್ತದೆ.

ಇನ್ನೊಬ್ಬ ಹಿರಿಯರು, ಸುಕ್ಕು ಕಾಣದಂತೆ ಮಾಡಿ ಎಂದು ಕೋರಿದರು. ಮುಖ ಅವರದು, ಅದು ಹೇಗೆ ಕಾಣಬೇಕೆಂದು ಹೇಳುವ ಹಕ್ಕೂ ಅವರದೇ. ಆದರೆ ಎಂಬತ್ತು ವರ್ಷದ ಬದುಕು ಮುಖದ ಮೇಲೆ ಗುರುತು ಬಿಡುವುದಿಲ್ಲವೆಂದು ನಾಳಿನ ಮಕ್ಕಳಿಗೆ ತೋರಿಸಬಹುದೇ? ಮನೆಗೆ ಬಂದವರಿಗೆ ಚಾಪೆ ಹಾಸುವುದು ಮರ್ಯಾದೆ. ಬಂದವರನ್ನೇ ಬದಲಿಸುವುದು ಮರ್ಯಾದೆಯಲ್ಲ. ದೀಪದ ಮುಂದೆ ಅಗಲವಾದ ಬಿಳಿ ಬಟ್ಟೆ ಹಿಡಿದು, ಹತ್ತಿರ ತಂದು, ಬೆಳಕನ್ನು ಮೃದುಗೊಳಿಸುವುದು ಮೊದಲ ಬಗೆಯದು. ಚಿತ್ರ ಹಿಡಿದ ಮೇಲೆ ಯಂತ್ರದಿಂದ ಸುಕ್ಕು ಒರೆಸುವುದು ಎರಡನೆಯದು. ಮೊದಲನೆಯದನ್ನು ಮಾಡಿದೆ, ಎರಡನೆಯದು ಆಗದೆಂದು ಹೇಳಿದೆ. ಅವರು ತುಸು ಬೇಸರಿಸಿದರೂ ಮಾತಿಗೆ ಕುಳಿತರು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಕೇಳುವವರು ಕತ್ತಲಲ್ಲಿ, ಹೇಳುವವರು ಬೆಳಕಿನಲ್ಲಿ. ಇದು ಪೊಲೀಸ್ ಠಾಣೆಯ ವಿಚಾರಣೆಯ ಕ್ರಮವಲ್ಲವೇ? ತರಗತಿಯಲ್ಲಿ ಪ್ರಶ್ನೆ ಕೇಳುವಾಗ ಮಕ್ಕಳಿಗೆ ನನ್ನ ಮುಖವೂ ಕಾಣುತ್ತದೆ. ಆ ಧೈರ್ಯದಲ್ಲೇ ಅವರು ಉತ್ತರಿಸುವುದು. ಅದಕ್ಕೇ ಕೇಳುವವರ ಕುರ್ಚಿಯ ಮೇಲೂ ಒಂದು ಸಣ್ಣ ದೀಪ ಹಾಕಿಸಿದೆ. ಅದರಿಂದ ಚಿತ್ರಕ್ಕೆ ಲಾಭವೇನೂ ಇಲ್ಲ. ಹೇಳುವವರಿಗೆ ಮಾತ್ರ, ಯಾರಿಗೆ ಹೇಳುತ್ತಿದ್ದೇವೆಂಬುದು ಕಾಣುತ್ತದೆ.