ಕಾಶಿಯಲ್ಲಿ ಏನು ಬಿಟ್ಟಿರಿ?

ಊರಿಗೆ ಫೋನ್ ಮಾಡಿದಾಗ ಹಿರಿಯರು ಯಾರಾದರೂ ಸಿಕ್ಕಿದರೆ ಕೇಳುವ ಮೊದಲ ಪ್ರಶ್ನೆ ಇದೇ: "ಕಾಶಿಯಲ್ಲಿ ಏನು ಬಿಟ್ಟೆ?" ಕಾಶಿಗೆ ಹೋದವರು ತಮಗೆ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು ಎಂಬುದು ನಮ್ಮ ಕಡೆಯ ವಾಡಿಕೆ ತಾನೆ? ನಮ್ಮ ಪಕ್ಕದ ಮನೆಯ ಅಜ್ಜಿ ಹಾಗಲಕಾಯಿ ಬಿಟ್ಟು ಬಂದಿದ್ದರು. ಅದಕ್ಕೆ ಮೊದಲೂ ಅವರು ಹಾಗಲಕಾಯಿ ತಿಂದದ್ದನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ.

ನಾನು ಯಾತ್ರೆಗೆ ಬಂದವನಲ್ಲ. ಮಗಳಿಗೆ ಇಲ್ಲಿ ಕೆಲಸ. ನಿವೃತ್ತಿಯಾದ ಮೇಲೆ ನಾವು ಗಂಡಹೆಂಡತಿ ಅವಳ ಜೊತೆ ಬಂದು ನಿಂತೆವು. ಹೊನ್ನಾವರದ ಕಡಲ ದಂಡೆಯಲ್ಲಿ ಹುಟ್ಟಿ, ಮೀನು ಹಿಡಿಯುವವರ ಮನೆಯಲ್ಲಿ ಬೆಳೆದು, ಎಂ.ಕಾಂ. ಮಾಡಿ, ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಪರರ ಲೆಕ್ಕ ಬರೆದ ನಾನು ಈಗ ಬೆಳಿಗ್ಗೆ ಎದ್ದು ಗಂಗೆಯ ಮೆಟ್ಟಿಲ ಮೇಲೆ ಕೂರುತ್ತೇನೆ. ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಕರ್ನಾಟಕ ಘಾಟ್ ಇದೆ. ಅಲ್ಲಿ ಒಂದೊಂದು ದಿನ ಕನ್ನಡ ಕಿವಿಗೆ ಬೀಳುತ್ತದೆ. ಏನು ಬಿಟ್ಟೆ ಎಂದು ಕೇಳಿದವರಿಗೆ "ಊರು ಬಿಟ್ಟೆನಲ್ಲ, ಸಾಲದೆ?" ಎಂದು ಹೇಳಿ ನಗುತ್ತಿದ್ದೆ. ಆ ಉತ್ತರ ಪೊಳ್ಳು ಎಂದು ತಿಳಿಸಿಕೊಟ್ಟದ್ದು ಒಂದು ಸುರುಳಿ ಮೀನಿನ ದಾರ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನ ಮಗ ಫೋನ್ ಮಾಡಿದ. ನನಗೂ ತಮ್ಮನಿಗೂ ಮಾತಿಲ್ಲ, ಅವನ ಮಗ ಮಾತ್ರ ಆಗಾಗ ಮಾತಾಡುತ್ತಾನೆ. ರಜೆಯ ದಿನ ಗೆಳೆಯರ ಜೊತೆ ಸಣ್ಣ ದೋಣಿಯಲ್ಲಿ ಮುರ್ಡೇಶ್ವರದ ಕಡೆಯ ಕಲ್ಲುಗಳಿಗೆ ಹೋಗಿ ಗಾಳ ಹಾಕುವುದು ಅವನ ಹುಚ್ಚು. ಹಿಂದಿನ ವರ್ಷ ದೊಡ್ಡ ಕೆಂಬೇರಿಯೊಂದು ಕಲ್ಲಿನ ಸಂದಿಗೆ ನುಗ್ಗಿ ದಾರ ಹರಿದುಕೊಂಡು ಹೋಯಿತಂತೆ. "ಕಡೀಲೇಬಾರ್ದು ದೊಡ್ಡಪ್ಪಾ, ಅಂಥಾದ್ದೊಂದು ತಕೊಡಿ" ಅಂದ. ನಿವೃತ್ತನಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಬೇಕೆ? ಸಾಲದ ಅರ್ಜಿ ಪರಿಶೀಲಿಸುವ ಶ್ರದ್ಧೆಯಿಂದ ಹದಿನೈದು ದಿನ ಓದಿದೆ.

ಓದಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಅಪ್ಪನ ಕಾಲದ್ದು ಹತ್ತಿಯ ದಾರ. ಆಮೇಲೆ ನೈಲಾನ್ ಬಂತು. ಈಗ ಸಮುದ್ರಕ್ಕೆ ಹೋಗುವವರು ಕೇಳುವುದು ಬ್ರೇಡ್, ಅಂದರೆ ಹೆಣೆದ ದಾರ. ಕೂದಲಿಗಿಂತ ಸಪೂರವಾದ ಪಾಲಿಎಥಿಲೀನ್ ಎಳೆಗಳನ್ನು ಸೇರಿಸಿ ನಾಲ್ಕೋ ಎಂಟೋ ಕವಲುಗಳಾಗಿ ಜಡೆ ಹಾಕಿದ್ದು. 50 ಪೌಂಡ್ ಎಂದರೆ ಸುಮಾರು 23 ಕೆ.ಜಿ. ಎಳೆತ ತಡೆಯುವ ನೈಲಾನ್ ದಾರಕ್ಕೆ ಹೋಲಿಸಿದರೆ ಅಷ್ಟೇ ಬಲದ ಬ್ರೇಡ್ ಬಹಳ ತೆಳು. ಹಾಗಾಗಿ ರೀಲಿನಲ್ಲಿ ಹೆಚ್ಚು ದಾರ ಹಿಡಿಯುತ್ತದೆ, ನೀರಿನ ಸೆಳೆತಕ್ಕೂ ಕಡಿಮೆ ಸಿಕ್ಕುತ್ತದೆ. ನೈಲಾನ್ ಎಳೆದರೆ ನೂರಕ್ಕೆ ಇಪ್ಪತ್ತರ ಆಸುಪಾಸು ಹಿಗ್ಗುತ್ತದೆ, ಬ್ರೇಡ್ ಮೂರು ನಾಲ್ಕು ಹಿಗ್ಗಿದರೆ ಹೆಚ್ಚು. ಇಪ್ಪತ್ತು ಮಾರು ಆಳದಲ್ಲಿ ಮೀನು ಮೂಸಿದರೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ಹಿಗ್ಗದ ದಾರಕ್ಕೆ ತಾಳ್ಮೆಯಿಲ್ಲ. ಮೀನು ಒಮ್ಮೆಲೇ ಜಗ್ಗಿದರೆ ಬಾಯಿ ಹರಿದು ಗಾಳ ಕಳಚಿಬರಬಹುದು. ಅದಕ್ಕೇ ರೀಲಿನ ಡ್ರ್ಯಾಗನ್ನು ದಾರದ ಬಲದ ನಾಲ್ಕನೇ ಒಂದೋ ಮೂರನೇ ಒಂದೋ ಭಾಗಕ್ಕೆ ಸಡಿಲ ಇಡಬೇಕು. ಮೀನು ಜಗ್ಗಿದಾಗ ದಾರ ಬಿಟ್ಟುಕೊಡಬೇಕು. ಅಪ್ಪನಿಗೆ ರೀಲಿರಲಿಲ್ಲ. ಅವನ ಡ್ರ್ಯಾಗು ಅವನ ಬೆರಳು.

ಬ್ರೇಡಿಗೆ ಇನ್ನೊಂದು ದೌರ್ಬಲ್ಯ. ಬಿಗಿಯಾಗಿರುವಾಗ ಕಲ್ಲಿಗೆ, ಮರುವಾಯಿ ಚಿಪ್ಪಿಗೆ ಉಜ್ಜಿದರೆ ಕತ್ತರಿಸಿದಂತೆ ಹೋಗುತ್ತದೆ. ಅದಕ್ಕಾಗಿ ತುದಿಗೆ ಒಂದೆರಡು ಮಾರು ಬೇರೆ ದಾರ ಜೋಡಿಸುತ್ತಾರೆ. ಅದೇ ಲೀಡರ್. ನಮ್ಮ ಲೀಡರುಗಳ ಹಾಗಲ್ಲ, ಇದು ಪೆಟ್ಟು ತಿನ್ನುವ ಜಾಗದಲ್ಲಿ ಮುಂದೆ ನಿಲ್ಲುವ ಲೀಡರ್. ನೈಲಾನಿನದ್ದು ಆಗುತ್ತದೆ. ಫ್ಲೋರೋಕಾರ್ಬನ್ನಿನದ್ದು ಇನ್ನೂ ಗಡಸು, ನೀರಿನಲ್ಲಿ ಕಣ್ಣಿಗೆ ಬೀಳುವುದೂ ಕಡಿಮೆ. ಇಸವಾಣದ ಹಲ್ಲಿಗೆ ಇದ್ಯಾವುದೂ ನಿಲ್ಲುವುದಿಲ್ಲ, ಗೇಣುದ್ದ ಉಕ್ಕಿನ ತಂತಿಯೇ ಬೇಕು. ಬ್ರೇಡ್ ನುಣುಪು, ಸಾಮಾನ್ಯ ಗಂಟು ಜಾರುತ್ತದೆ. ಲೀಡರಿನ ಸುತ್ತ ಅದನ್ನು ಆಚೀಚೆ ಹೆಣೆದು ಬಿಗಿಯುವ ಎಫ್‌ಜಿ ಗಂಟು ಕಲಿಯಬೇಕು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಇಷ್ಟು ಶಾಸ್ತ್ರ.

ಹುಡುಗ ಕೇಳಿದ್ದು 50 ಪೌಂಡಿನ ಬ್ರೇಡಿಗೆ 80 ಪೌಂಡಿನ ಲೀಡರ್. ಕಲ್ಲಿಗೆ ಉಜ್ಜಿದರೂ ಹರಿಯಬಾರದಲ್ಲ! ತರಿಸಿದೆ. ಕೈಯಲ್ಲಿ ಮುಟ್ಟಿ ನೋಡಿಯೇ ಕಳಿಸೋಣ ಎಂದು ಇಲ್ಲಿಯ ವಿಳಾಸಕ್ಕೇ ತರಿಸಿದೆ. ಸಮುದ್ರದ ದಾರ ಒಳನಾಡಿನ ಕಾಶಿಗೆ ಬಂತು. ಕಿಸೆಯಲ್ಲಿಟ್ಟುಕೊಂಡು ಘಾಟಿಗೆ ಹೋದೆ.

ಅಲ್ಲಿ ಒಬ್ಬ ಮುದುಕ ನಾವಿಕನ ಪರಿಚಯವಿದೆ. ಮಲ್ಲಾಹರವನು. ನಾನೂ ನೀರಿನವರ ಮನೆಯವನೇ ಎಂದು ಗೊತ್ತಾದ ಮೇಲೆ ಸಲಿಗೆ. ದಾರ ಕೊಟ್ಟೆ. ಅಂಗೈಗೆ ಎರಡು ಸುತ್ತು ಹಾಕಿ ಜಗ್ಗಿದ. ಚರ್ಮ ಕೆಂಪಾಯಿತು, ದಾರ ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿ ಕೊಡುತ್ತಾ ತನ್ನ ಹಿಂದಿಯಲ್ಲಿ ಕೇಳಿದ: "ಹರಿಯುವುದಿಲ್ಲ ಬಾಬೂಜೀ, ಒಪ್ಪಿದೆ. ಕೆಳಗೆ ಸಿಕ್ಕಿಕೊಂಡರೆ ಎಲ್ಲಿ ಹರಿಯುತ್ತದೆ?"

ಹದಿನೈದು ದಿನ ಓದಿದವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಲೆಕ್ಕ ಹಾಕಿದೆ. ಲೀಡರ್ 80, ದಾರ 50. ಸೀಸದ ಗುಂಡು ಕಲ್ಲಿಗೆ ಸಿಕ್ಕಿ ಬಲವಾಗಿ ಎಳೆದರೆ ಹರಿಯುವುದು ದುರ್ಬಲವಾದದ್ದು, ಅಂದರೆ ಬ್ರೇಡ್. ಜೋಡಿಸಿದ ಗಂಟಿನಲ್ಲಿ ಹರಿದರೆ ಪುಣ್ಯ. ಮೇಲೆಲ್ಲೋ ಸವೆದಲ್ಲಿ ಹರಿದರೆ ಐವತ್ತು ನೂರು ಮೀಟರ್ ದಾರ ಸಮುದ್ರದಲ್ಲಿ ಉಳಿಯುತ್ತದೆ. ಬಾಯಲ್ಲಿ ಗಾಳ ಇರುವ ಮೀನು ಅಷ್ಟನ್ನೂ ಎಳೆದುಕೊಂಡು ತಿರುಗಬೇಕು. ಹತ್ತಿಯ ದಾರವಾದರೆ ಕೊಳೆಯುತ್ತಿತ್ತು. ಇದು ಕೊಳೆಯುವ ಜಾತಿಯದ್ದಲ್ಲ.

ಮುದುಕ ಇದನ್ನು ಓದಿ ತಿಳಿದವನಲ್ಲ. ರಾಮನಗರದ ಕೋಟೆಯಿಂದ ಮಾಳವೀಯ ಸೇತುವೆಯವರೆಗಿನ ಏಳು ಕಿಲೋಮೀಟರ್ ಗಂಗೆ 1989ರಿಂದ ಆಮೆಗಳ ಅಭಯಾರಣ್ಯವಾಗಿತ್ತು, ಅಲ್ಲಿ ಮೀನು ಹಿಡಿಯುವಂತಿರಲಿಲ್ಲ. 2020ರಲ್ಲಿ ಆ ಘೋಷಣೆ ರದ್ದಾಯಿತು. ಆದರೂ ಕುತ್ತಿಗೆಗೆ, ಕಾಲಿಗೆ ದಾರ ಸುತ್ತಿಕೊಂಡ ಆಮೆಗಳನ್ನು ಅವನು ಬಿಡಿಸಿದ್ದಾನೆ. "ಹಿಡಿದವನು ತಿಂದರೆ ಪಾಪವಿಲ್ಲ. ಬಿಟ್ಟುಹೋದ ದಾರ ತಿನ್ನುವುದೂ ಇಲ್ಲ, ಬಿಡುವುದೂ ಇಲ್ಲ" ಅಂದ. 2020ರ ಕೊನೆಗೆ ಪ್ರಕಟವಾದ ಅಧ್ಯಯನವೊಂದಿದೆ. ಬಂಗಾಳದ ಮುಖಜದಿಂದ ಹಿಮಾಲಯದವರೆಗೆ ಗಂಗೆಯ ದಂಡೆಯುದ್ದಕ್ಕೂ ಎಸೆದ ಬಲೆ ದಾರಗಳನ್ನು ಲೆಕ್ಕ ಹಾಕಿದ ವಿಜ್ಞಾನಿಗಳು, ಅವುಗಳಿಂದ ಅಪಾಯದಲ್ಲಿರುವ ಜೀವಿಗಳಲ್ಲಿ ಆಮೆಯನ್ನೂ ಗಂಗೆಯ ಡಾಲ್ಫಿನನ್ನೂ ಹೆಸರಿಸಿದ್ದಾರೆ. 2009ರಲ್ಲಿ ನಾವು ರಾಷ್ಟ್ರೀಯ ಜಲಚರ ಎಂದು ಪಟ್ಟ ಕಟ್ಟಿದ್ದು ಇದೇ ಡಾಲ್ಫಿನಿಗೆ.

ಅಂದು ಮೆಟ್ಟಿಲ ಮೇಲೆ ಕೂತಾಗ ಅಪ್ಪನ ಗಾಳ ನೆನಪಾಯಿತು. ಅವನು ಮುಖ್ಯ ದಾರಕ್ಕೆ ಒಳ್ಳೆಯ ನೂಲು ಆರಿಸುತ್ತಿದ್ದ. ಗಾಳದ ತುದಿಗೆ ಅದಕ್ಕಿಂತ ಸಪೂರ. ತೂಕದ ಗುಂಡಿಗೆ ಮಾತ್ರ ಹಳೆಯ, ಅರ್ಧ ಜೀವದ ನೂಲು. ನಾನು ಹುಡುಗ. "ಗಟ್ಟಿದು ಕಟ್ಟು ಅಪ್ಪಾ, ಗುಂಡು ಹೋಗ್ತದೆ" ಎಂದಿದ್ದೆ. "ಗುಂಡು ಹೋಗ್ಲಿ ಅಂತ್ಲೇ ಕಟ್ಟಿದ್ದು" ಅಂದಿದ್ದ. ಬಡತನದ ಲೆಕ್ಕ ಅದು. ದಾರಕ್ಕೆ ಬೆಲೆ, ಗುಂಡಿಗಲ್ಲ. ಆದರೆ ಆ ಲೆಕ್ಕದೊಳಗೆ ಒಂದು ಧರ್ಮವೂ ಇತ್ತು ಎಂದು ಈಗ ಅನಿಸುತ್ತದೆ. ಏನು ಕಳೆದುಕೊಳ್ಳಬೇಕು, ಎಲ್ಲಿ ಹರಿಯಬೇಕು ಎಂಬುದನ್ನು ಅವನು ದಂಡೆಯ ಮೇಲೇ, ಮನಸ್ಸು ತಣ್ಣಗಿರುವಾಗಲೇ ತೀರ್ಮಾನಿಸುತ್ತಿದ್ದ. ಜಗ್ಗಾಟ ಶುರುವಾದ ಮೇಲೆ ಯಾರಿಗೂ ನ್ಯಾಯ ತೋಚುವುದಿಲ್ಲ.

ಇಲ್ಲಿ ಒಂದು ಆಕ್ಷೇಪವಿದೆ. ಹರಿಯಲಿ ಎಂದು ಕಟ್ಟುವುದು ಒಂದು ಕಟ್ಟುವಿಕೆಯೇ? ಸಂಬಂಧಗಳಲ್ಲಿ ಹಾಗೆ ಮಾಡಿದರೆ ಅದು ವಂಚನೆಯಲ್ಲವೆ? ಊರು ಬಿಟ್ಟವರಿಗಂತೂ ಹರಿಯದ ದಾರವೇ ಬೇಕು. ದಿನಾ ಫೋನು, ತಿಂಗಳು ತಿಂಗಳು ಹಣ, ಪ್ರತಿ ಮದುವೆಗೆ ಹಾಜರಿ. ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆ ಏನು ಮಾಡಿತು ಎಂಬುದನ್ನು ಹೇಳದೆ ಈ ಬರಹ ಮುಗಿಸಿದರೆ ಓದುಗರಿಗೆ ಮೋಸ.

2006ರಲ್ಲಿ ತಮ್ಮ ದೋಣಿ ಎಂಜಿನ್ ಕೊಳ್ಳಲು ಹೊರಟ. ಎರಡು ಲಕ್ಷ ಕೊಟ್ಟೆ. "ಸಾಲ ಅಲ್ಲ, ಇಟ್ಕೊ" ಅಂದೆ. ಅಂದದ್ದು ಬಾಯಿ. ಕೈ ಡೈರಿಯಲ್ಲಿ ಬರೆದುಕೊಂಡಿತು. ಆಮೇಲೆ ಪ್ರತಿ ಫೋನಿನಲ್ಲೂ ವಿಚಾರಣೆ. ಡೀಸೆಲ್ ಎಷ್ಟಾಯ್ತು, ಮೀನು ಎಷ್ಟು ಬಿತ್ತು, ಎಂಜಿನ್ ಸರ್ವೀಸ್ ಮಾಡಿಸಿದೆಯಾ? ಹಿಗ್ಗದ ದಾರ ನನ್ನದು. ಎಲ್ಲೋ ದೂರದ ಶಾಖೆಯಲ್ಲಿ ಕೂತು ಅವನ ಒಂದೊಂದು ಮಿಸುಕಾಟವನ್ನೂ ಬೆರಳಲ್ಲಿ ತಿಳಿಯಬೇಕಿತ್ತು. 2012ರಲ್ಲಿ ಅವನ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ದೋಣಿ ಹೊಗಳಿದರು. "ನನ್ನ ದುಡ್ಡಿಂದೇ ಅಲ್ವಾ" ಎಂದುಬಿಟ್ಟೆ. ತಮಾಷೆಗೆ. ಬೀಗರ ಎದುರು.

ಆರು ತಿಂಗಳಲ್ಲಿ ದೋಣಿ ಮಾರಿದ. 2013ರಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ನನ್ನ ಹೆಸರಿಗೆ ಎರಡು ಲಕ್ಷದ ಡಿಮ್ಯಾಂಡ್ ಡ್ರಾಫ್ಟ್ ಬಂತು. ಜೊತೆಗೆ ಒಂದಕ್ಷರವಿಲ್ಲ. ನಾನು ಅದನ್ನು ಖಾತೆಗೆ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಟ್ರಂಕಿನಲ್ಲಿಟ್ಟೆ. ತಮ್ಮನ ದುಡ್ಡು ಮುಟ್ಟದವನು ನಾನು ಎಂದು ಒಳಗೊಳಗೇ ಹೆಮ್ಮೆ ಪಟ್ಟೆ.

ಬ್ಯಾಂಕಿನವನಾಗಿ ನನಗೆ ಗೊತ್ತಿರಲಿಲ್ಲವೆ? ಡ್ರಾಫ್ಟ್ ಎಂದರೆ ಆ ಹಣ ಕೊಟ್ಟವನ ಖಾತೆಯಿಂದ ಹೋಗಿಯಾಗಿದೆ. ಮೂರು ತಿಂಗಳಲ್ಲಿ ಅದರ ಅವಧಿ ಮುಗಿಯುತ್ತದೆ. ಮತ್ತೆ ಚಾಲ್ತಿ ಮಾಡಿಸಲು, ರದ್ದು ಮಾಡಿಸಲು ಮೂಲ ಕಾಗದ ಬೇಕು. ಅದು ನನ್ನ ಟ್ರಂಕಿನಲ್ಲಿ. ಹತ್ತು ವರ್ಷ ಯಾರೂ ಕೇಳದ ಇಂಥ ಹಣ ರಿಸರ್ವ್ ಬ್ಯಾಂಕ್ 2014ರಲ್ಲಿ ಮಾಡಿದ ನಿಧಿಗೆ ಹೋಗುತ್ತದೆ. ಆಮೇಲೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು, ಆದರೆ ಕೇಳುವವರು ಬೇಕಲ್ಲ. ದೋಣಿ ಮಾರಿದ ದುಡ್ಡು ಅವನದ್ದೂ ಅಲ್ಲ, ನನ್ನದೂ ಅಲ್ಲ ಎಂದಾಗಿ ನೀರಿನ ನಡುವೆ ತೇಲುತ್ತಿದೆ. ನಾನು ಬಿಟ್ಟೆ ಎಂದುಕೊಂಡದ್ದು ಬಿಟ್ಟದ್ದಲ್ಲ. ಗಾಳ ಅವನ ಬಾಯಲ್ಲಿ, ನೂರು ಮೀಟರ್ ದಾರ ಅವನ ಹಿಂದೆ.

ಇನ್ನೊಂದು ಮಾತು. ಸಾಲ ತೀರಿಸಿದವರಿಗೆ ಅವರ ಕಾಗದಪತ್ರ ಹಿಂದಕ್ಕೆ ಕೊಡುವಾಗ ಅವರ ಮುಖ ಹೇಗಿರುತ್ತದೆ ಎಂದು ವರ್ಷಗಟ್ಟಲೆ ನೋಡಿದವನು ನಾನು. ಕೆಲವರು ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡದ್ದುಂಟು. ಅಪರಿಚಿತರಿಗೆಲ್ಲ ಕೊಟ್ಟದ್ದನ್ನು ತಮ್ಮನಿಗೆ ಕೊಡಲಿಲ್ಲ. ಅವನಿಗೆ ನನ್ನ ಔದಾರ್ಯ ಬೇಕಿರಲಿಲ್ಲ, ರಶೀದಿ ಬೇಕಿತ್ತು.

ಹಾಗಾಗಿ ಆ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು. ಹರಿಯುವ ಜಾಗವಿಲ್ಲದ ಸಂಬಂಧ ಗಟ್ಟಿ ಎಂದು ಭಾವಿಸುವವನು ಹೆಚ್ಚಾಗಿ ರಾಡು ಹಿಡಿದವನೇ ಆಗಿರುತ್ತಾನೆ, ಗಾಳ ಕಚ್ಚಿದವನಲ್ಲ. ಗುಂಡಿಗೆ ಸಪೂರ ನೂಲು ಕಟ್ಟಿದ ಅಪ್ಪ ದಾರವನ್ನು ಕಡೆಗಣಿಸಿದವನಲ್ಲ, ದಾರ ಉಳಿಯಲಿ ಎಂದೇ ಗುಂಡನ್ನು ಬಿಟ್ಟುಕೊಟ್ಟವನು. ಆ ಎರಡು ಲಕ್ಷ ನನ್ನ ಗುಂಡಾಗಬೇಕಿತ್ತು. ಮೊದಲ ಜಗ್ಗಿಗೇ ಅದು ಹೋಗಿದ್ದರೆ ತಮ್ಮ ಉಳಿಯುತ್ತಿದ್ದ.

ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಬ್ರೇಡ್ 50 ಇರಲಿ. ಲೀಡರ್ 40ರದ್ದು ಬೇರೆ ತರಿಸಿದ್ದೇನೆ, ಎರಡು ಮಾರು ಸಾಕು. ಗುಂಡಿಗೆ 15ರ ನೈಲಾನ್ ಕಟ್ಟು. ಪ್ರತಿ ಸಲ ಹೋಗುವ ಮೊದಲು ಲೀಡರನ್ನು ಬೆರಳಲ್ಲಿ ಸವರಿ ನೋಡು, ಒರಟಾದರೆ ಬದಲಿಸು. ಹರಿದ ತುಂಡನ್ನು ಮನೆಗೆ ತಾ. "ದೊಡ್ಡ ಮೀನು ತಪ್ತದಲ್ಲ ದೊಡ್ಡಪ್ಪಾ?" ಅಂದ. "ಒಂದೆರಡು ತಪ್ತದೆ ಮಾರಾಯಾ. ತಪ್ಪಿದ್ದು ಹಗುರಾಗಿ ಹೋಗ್ಲಿ" ಅಂದೆ.

ಅದೇ ಪಾರ್ಸೆಲ್ಲಿನಲ್ಲಿ ಡ್ರಾಫ್ಟನ್ನೂ ಇಟ್ಟೆ. ತಮ್ಮನಿಗೆ ಪತ್ರ ಬರೆದೆ. ತಪ್ಪು ನನ್ನದು ಎಂದು ಬರೆದೆ. ನೀನು ಶಾಖೆಗೆ ಹೋಗಿ ಇದನ್ನು ಮತ್ತೆ ಚಾಲ್ತಿ ಮಾಡಿಸಿ ಕಳಿಸಿದರೆ ಅಂದೇ ಖಾತೆಗೆ ಹಾಕಿ, ಸಾಲ ತೀರಿದೆ ಎಂದು ಕೈಯಾರೆ ರಶೀದಿ ಬರೆದು ಕಳಿಸುತ್ತೇನೆ. ರದ್ದು ಮಾಡಿಸಿ ನೀನೇ ಇಟ್ಟುಕೊಂಡರೂ ಅದೇ ರಶೀದಿ ಬರುತ್ತದೆ. ಆಯ್ಕೆ ನಿನ್ನದು. ಡೈರಿಯ ಆ ಪುಟ ಹರಿದಿದ್ದೇನೆ ಎಂದೂ ಬರೆದೆ. ಪತ್ರ ಅಂಟಿಸುವ ಮೊದಲು ನಿಜವಾಗಿಯೂ ಹರಿದೆ.

ಪಾರ್ಸೆಲ್ ಮುಟ್ಟಿದೆ ಎಂದು ಹುಡುಗ ತಿಳಿಸಿದ. ತಮ್ಮನಿಂದ ಇನ್ನೂ ಏನೂ ಬಂದಿಲ್ಲ. ಬರದಿದ್ದರೆ ಮತ್ತೆ ಜಗ್ಗಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಶಿಯಲ್ಲಿ ಏನು ಬಿಟ್ಟೆ ಎಂದು ಊರಿನವರು ಇನ್ನೊಮ್ಮೆ ಕೇಳಿದರೆ ಹಾಗಲಕಾಯಿ ಅನ್ನುತ್ತೇನೆ. ಅವರಿಗೆ ಅಷ್ಟು ಸಾಕು.