ಕಾರಣವೂ ಅಪರಾಧವೂ

ಕೇಡಿಗೆ ಕಾರಣವಾಗುವುದೇ ಬೇರೆ, ಅದರ ಅಪರಾಧಿಯಾಗುವುದೇ ಬೇರೆ. ಈ ಭೇದವನ್ನು ಮರೆತ ಲೋಕವು ಮೂಕಪ್ರಾಣಿಗಳ ಮೇಲೆ ಸುಲಭವಾಗಿ ದೋಷವನ್ನು ಹೊರಿಸುತ್ತದೆ.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳೂ ಮುಸುವಗಳೂ ಸತ್ತು ಬಿದ್ದುವು. ಸುತ್ತಣ ಹಳ್ಳಿಗರು ಘೋರವಾದ ಜ್ವರಕ್ಕೆ ಈಡಾದರು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಆದರೆ ಆ ರೋಗದ ವೈರಾಣುವನ್ನು ಹರಡತಕ್ಕದ್ದು ಉಣುಗೆಂಬ ಕ್ಷುದ್ರಜಂತು. ಅದರ ಕಡಿತಕ್ಕೆ ಸಿಕ್ಕಿದ ಮಂಗನೂ ಮನುಷ್ಯನಂತೆಯೇ ನರಳುವನು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ತರಗೆಲೆಗಳಲ್ಲಿ ಅಡಗಿದ್ದು, ಸೌದೆಗೆಂದು ಬಂದವರನ್ನೂ ದನ ಕಾಯುವವರನ್ನೂ ಹಿಡಿಯುವುವು.

ಇಲ್ಲಿ ಅಪರಾಧಿ ಯಾರು? ಅರಿವಿಲ್ಲದ ಕಡೆ ಅಪರಾಧವಿಲ್ಲ. ಉಣುಗಿಗೆ ಹಸಿವೆಯುಂಟು, ದ್ವೇಷವಿಲ್ಲ. ಮಂಗನು ಪೀಡಿತನೇ ಹೊರತು ಪೀಡಕನಲ್ಲ. ಒಲೆಯ ಉರಿಗಾಗಿ ಕಾಡು ಹೊಕ್ಕ ಬಡವನೂ ನಿರ್ದೋಷಿ. ಅರಿವುಳ್ಳವನ ಹೊಣೆಯಾದರೋ ಬೇರೆ. ಮಂಗನ ಸಾವು ಊರಿಗೆ ಬಂದ ಮುನ್ಸೂಚನೆಯೆಂಬುದು ಮಲೆನಾಡಿನಲ್ಲಿ ಈಗ ತಿಳಿದ ಸಂಗತಿ. ಹೀಗಿರಲು, ಸತ್ತ ಮಂಗನನ್ನು ಕಂಡೂ ಆರೋಗ್ಯಾಧಿಕಾರಿಗಳಿಗೆ ತಿಳಿಸದೆ, ಮೂಗು ಮುಚ್ಚಿಕೊಂಡು ಮುಂದೆ ಸಾಗುವ ವಿದ್ಯಾವಂತನು ನೆರೆಯವನ ಜ್ವರದಲ್ಲಿ ಪಾಲುಗಾರನಾಗುತ್ತಾನೆ. ಮಂಗನಿಗೆ ಸಲ್ಲದ ದೋಷವು ಅವನಿಗೆ ಸಲ್ಲುವುದು.